ಹದಿನೇಳನೆಯ ಕಂಬ

ಮೂವತ್ತೊಂದು ವರ್ಷ ಮಸ್ಕತ್ತಿನ ತಾರಸಿಗಳ ಮೇಲೆ
ಕಂಪ್ರೆಸರಿನ ಎದೆಗೆ ಕಿವಿಯಿಟ್ಟವ ನಾನು.
ಗ್ಯಾಸು ಸೋರಿದೆಯೋ, ಬೇರಿಂಗು ಸವೆದಿದೆಯೋ,
ಮುಚ್ಚಳ ಬಿಚ್ಚುವ ಮೊದಲೇ ಹೇಳುತ್ತಿದ್ದೆ.
ರೂವಿಯ ಕ್ಲಿನಿಕ್ಕಿನಲ್ಲಿ ಸೋಸಮ್ಮ ಸಿಸ್ಟರ್
ತೋಳಿಗೆ ಪಟ್ಟಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ,
ಹುಬ್ಬೇರಿಸಿ ಕೇಳಿದರು:
"ಇಷ್ಟು ದಿನ ಎಲ್ಲಿದ್ರಿ?"
ಎಲ್ಲಿದ್ದೆ? ತಾರಸಿಯ ಮೇಲೆ.

ವಯಸ್ಸು ಐವತ್ತೆಂಟು.
ಸಕ್ಕರೆ ಇನ್ನೂರ ನಲವತ್ತು.
ಸೊಂಟದ ಸುತ್ತಳತೆ ಬರೆಯುವುದು ಬೇಡ,
ಬೆಲ್ಟಿಗೆ ಮೊಳೆ ಹೊಡೆದು ನಾನೇ ಕೊರೆದ ಮೂರು ತೂತು ಸಾಕ್ಷಿ.
ಗುಳಿಗೆಯ ಡಬ್ಬಿಗೆ ಏಳು ಮನೆ;
ಶುಕ್ರವಾರದ ಮನೆ ಮಾತ್ರ ತುಂಬಿಯೇ ಉಳಿಯುತ್ತದೆ,
ರಜೆಯಲ್ಲವೇ, ರೋಗಕ್ಕೂ ಇರಲಿ ಎಂದು.

"ನಡೀರಿ" ಎಂದರು.
ನಡೆಯುವುದಕ್ಕೂ ಚೀಟಿ ಬರೆದುಕೊಡುವ ಕಾಲ ಬಂತಲ್ಲ!

ಹೀಗೆ ಶುರುವಾಯಿತು, ಮತ್ರಾದ ಕಡಲ ದಂಡೆಯಲ್ಲಿ,
ಮೀನು ಮಾರುಕಟ್ಟೆಯಿಂದ ರಿಯಾಮಿನ ಧೂಪದಾನಿಯ ಕಡೆಗೆ,
ಇಶಾ ಮುಗಿದ ಮೇಲೆ, ನಾನು ಮತ್ತು ಹಮ್ಮಬ್ಬ.
ಅವನು ದಿಶ್‌ದಾಶ ಹೊಲಿಯುವವ,
ಕೂತು ಕೂತು ಮಂಡಿಗೇ ಹೊಲಿಗೆ ಬಿದ್ದಿದೆ.

ಮೊದಲ ದಿನ ನಾಲ್ಕನೆಯ ದೀಪದ ಕಂಬಕ್ಕೆ ನಿಂತೆವು.
ನನಗೆ ಉಬ್ಬಸ, ಅವನಿಗೆ ನೋವು,
ಕೇಳಿದರೆ ಇಬ್ಬರದೂ ಒಂದೇ ಉತ್ತರ: ಸೆಕೆ.
ಜೂನಿನ ಗಾಳಿ, ಹಿಂಡದ ಟವೆಲ್ಲಿನಂತೆ ಮುಖದ ಮೇಲೆ.
ಬೆಕ್ಕೊಂದು ನಮ್ಮನ್ನು ದಾಟಿ ಹೋಯಿತು, ಅವಸರವಿಲ್ಲದೆ.

ವಾರಕ್ಕೊಂದು ಕಂಬ ಹೆಚ್ಚಿಸಿದೆವು, ಹಳೆಯ ಸಾಲ ತೀರಿಸುವವರಂತೆ.
ಪರೋಟ ಬಿಟ್ಟೆ.
ಸುಳ್ಳು. ಮೂರರಿಂದ ಒಂದಕ್ಕೆ ಇಳಿದೆ.
ಕರಕ್ ಚಹಾದ ಸಕ್ಕರೆ ಬಿಡಲು ಆರು ವಾರ ಹಿಡಿಯಿತು;
ಈಗ ನನ್ನನ್ನು ಕಂಡರೆ ಅಂಗಡಿಯ ಹುಡುಗ
"ಪಥ್ಯದ ಮುದುಕ ಬಂದ" ಎಂದು ಮಲಯಾಳದಲ್ಲಿ ಕೂಗುತ್ತಾನೆ,
ನನಗೆ ಮಲಯಾಳ ಬರುತ್ತದೆಂದು ಅವನಿಗೆ ಗೊತ್ತಿಲ್ಲ.

ಹದಿನೇಳನೆಯ ಕಂಬದ ದೀಪ ಕೆಟ್ಟಿತ್ತು.
ಅಲ್ಲಿ ಒಂದು ತುಂಡು ಕತ್ತಲು,
ಕಡಲು ಬರಿಯ ಸದ್ದು.
ಹಮ್ಮಬ್ಬ ನನ್ನ ಕಡೆ ನೋಡದೆ,
ಹವಾಮಾನ ಓದುವವನ ದನಿಯಲ್ಲಿ ಹೇಳಿದ:
"ರಾತ್ರಿ ಎರಡಕ್ಕೆ ಎಚ್ಚರ ಆಗ್ತದೆ ತನಿಯಣ್ಣ.
ಎಂತಕ್ಕೋ ಗೊತ್ತಿಲ್ಲ. ಅಳು ಬರ್ತದೆ.
ಯಾರಿಗೂ ಕೇಳಬಾರದು ಅಂತ ಬಚ್ಚಲ ನಲ್ಲಿ ಬಿಡ್ತೇನೆ."

ನಾನು ಹೇಳಿದ್ದೇನು? ನಾಚಿಕೆಯಾಗುತ್ತದೆ.
"ಶುಗರ್ ಚೆಕ್ ಮಾಡಿಸು" ಎಂದೆ.

ಇಪ್ಪತ್ತಾರು ವರ್ಷದ ಗೆಳೆತನ.
ಚಿನ್ನದ ದರ, ವೀಸಾ, ಯಾವ ವಿಮಾನ ಅಗ್ಗ,
ಯಾರ ಮಗಳಿಗೆ ಯಾವ ಊರಿನ ಸಂಬಂಧ, ಎಲ್ಲ ಆಡಿದ್ದೇವೆ.
ನನ್ನ ಕೋಣೆಗೂ ಅವನದಕ್ಕೂ ಒಂದೇ ಬಚ್ಚಲು.
ಆ ನಲ್ಲಿಯ ಸದ್ದು ನನಗೆ ಕೇಳಿಸುತ್ತಿತ್ತು.
ವಾಷರ್ ಸವೆದಿದೆ ಎಂದುಕೊಂಡೆ.
ಒಂದು ಭಾನುವಾರ ಹೊಸತು ತಂದು
ಹಾಕಿದವನೂ ನಾನೇ.

ಮರುದಿನ ಆ ಕತ್ತಲು ಬರುವವರೆಗೆ ಬಾಯಿ ಮುಚ್ಚಿ ನಡೆದೆ.
ಬಂದಾಗ ಹೇಳಿದೆ:
"ಅಪ್ಪ ಹೋದದ್ದು ಐವತ್ತೊಂಬತ್ತಕ್ಕೆ.
ಬರುವ ಮಾರ್ಚಿಗೆ ನನಗೂ ಐವತ್ತೊಂಬತ್ತು.
ಮಲಗುವಾಗ ಚಿಲಕ ಹಾಕುವುದಿಲ್ಲ ನಾನು,
ಬಾಗಿಲು ಒಡೆಯುವ ಕಷ್ಟ ನಿಮಗೆ ಯಾಕೆ ಅಂತ."
ಅವನು ನಗಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ.
ಹೆಜ್ಜೆ ಸ್ವಲ್ಪ ನಿಧಾನ ಮಾಡಿದ, ಅಷ್ಟೆ.

ಆಮೇಲೆ ಸೋಸಮ್ಮನೇ ಕೊಟ್ಟ ವಿಳಾಸಕ್ಕೆ
ಅವನನ್ನು ಕರೆದುಕೊಂಡು ಹೋದೆ.
ಒಳಗೆ ಮುಕ್ಕಾಲು ಗಂಟೆ ಇದ್ದ.
ಹೊರಗೆ ಎರಡು ಚಹಾ ತಣ್ಣಗಾದವು.
ಏನು ಹೇಳಿದರೆಂದು ನಾನು ಕೇಳಲಿಲ್ಲ,
ಹದಿನೇಳನೆಯ ಕಂಬ ಇದೆಯಲ್ಲ.

ಬೆಲ್ಟು ಒಂದು ತೂತು ಹಿಂದೆ ಬಂದಿದೆ.
ನಲ್ಲಿ ಕೆಲವು ರಾತ್ರಿ ಈಗಲೂ ಹರಿಯುತ್ತದೆ;
ಆಗ ಎದ್ದು, ಬಚ್ಚಲ ಬಾಗಿಲು ತಟ್ಟಿ,
"ಚಹಾ ಇಡ್ಲಾ?" ಎನ್ನುತ್ತೇನೆ.

ಕೆಟ್ಟ ದೀಪದ ಬಗ್ಗೆ ಪುರಸಭೆಗೆ ದೂರು ಕೊಡಬೇಕೆಂದಿದ್ದೆ.
ನಂಬರೂ ಬರೆದಿಟ್ಟುಕೊಂಡಿದ್ದೆ.
ಕೊಡಲಿಲ್ಲ.
ಏಣಿ ಹೊತ್ತು ಯಾರಾದರೂ ಬಂದರೆ
ಬೇರೆ ಕಂಬ ನೋಡಬೇಕು.