ಎರಡು ಸ್ಪೇಸು

ಶಿವಮೊಗ್ಗದ ಕೋರ್ಟಿನೆದುರು ಇಪ್ಪತ್ತೆರಡು ವರ್ಷದಿಂದ
ಬೇರೆಯವರ ಮಾತು ಟೈಪು ಮಾಡುವವಳು ನಾನು.
ಪುಟಕ್ಕೆ ಆಗ ಆರು ರೂಪಾಯಿ, ಈಗ ಮೂವತ್ತು.
ಸದರಿ, ಮೇಲ್ಕಂಡ, ಪ್ರಮಾಣೀಕರಿಸುತ್ತೇನೆ
ಕಣ್ಣು ಮುಚ್ಚಿದರೂ ಬೆರಳಿಗೆ ಬರುತ್ತವೆ.
ಒಂದು ಚಟ ಮಾತ್ರ ಬಿಟ್ಟಿಲ್ಲ:
ಪೂರ್ಣವಿರಾಮದ ಆಚೆ ಎರಡು ಸ್ಪೇಸು.
ದುರ್ಗಿಗುಡಿಯ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರು
ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದು.

ಬುಧವಾರ ಭದ್ರಾವತಿಯಿಂದ ಹಾಜಿರಾಬಿ ಬಂದರು
ಒಂದು ಕಾಗದದ ಜೆರಾಕ್ಸಿಗೆ.
ಮಾಚೇನಹಳ್ಳಿ ಹತ್ತಿರ ಟೆಂಪೋ ಗುದ್ದಿ
ಗಂಡ ಹೋಗಿ ಮೂರನೇ ವರ್ಷ.
"ಪರಿಹಾರ ಮಂಜೂರಾಗಿದೆಯಂತೆ ಅಕ್ಕಾ,
ಬಿಡುಗಡೆ ಫೀಸು ಹದಿನೆಂಟು ಸಾವಿರವಂತೆ,
ಸಂಜೆಯೊಳಗೆ ಹಾಕಬೇಕಂತೆ, ಯಾರಿಗೂ ಹೇಳಬಾರದಂತೆ,
ಹೇಳಿದರೆ ಆರ್ಡರು ವಾಪಸಂತೆ."
ಮೆಡಿಕಲ್ ಶಾಪಿನ ಕವರಿನಲ್ಲಿ ಚೀಟಿ ಎತ್ತಿದ ನೋಟು.
"ನಿಮ್ಮ ಫೋನಿಂದ ಹಾಕಿಕೊಡ್ತೀರಾ?"

ಗಾಜಿನ ಮೇಲೆ ಮಗುಚುವ ಮುನ್ನ ಕಣ್ಣಾಡಿಸಿದೆ.
ತಕ್ಕಡಿಯ ಚಿತ್ರ. ಎಂ. ರುದ್ರೋಜಿ ರಾವ್, ವಕೀಲರು.
ಸನ್ನದು ನಂಬರು, ಕೆಂಪು ಮೊಹರು.
ಎಲ್ಲ ಸರಿಯಾಗಿಯೇ ಇತ್ತು.
ಆಮೇಲೆ ಪೂರ್ಣವಿರಾಮ.
ಎರಡು ಸ್ಪೇಸು.

ಮುಚ್ಚಳ ಮುಚ್ಚುವುದು ಮರೆತೆ.
ಮಿಷನ್ನಿನ ಬೆಳಕು ಇಬ್ಬರ ಮುಖದ ಮೇಲೂ ಹರಿದುಹೋಯಿತು.

ದೀಪಾವಳಿಯ ಹಿಂದಿನ ವಾರ ಬಂದಿದ್ದವನು.
ನಮ್ಮ ವಕೀಲರು ಗೇಟು ದಾಟಿದ್ದೇ ತಡ
ಕೋಟು ಕಳಚಿ ತೋಳಿಗೆ ಹಾಕಿಕೊಂಡು ಟೀಗೆ ಓಡುತ್ತಾರೆ.
ಇವನು ಆ ಬಿಸಿಲಲ್ಲೂ ಗುಂಡಿ ಬಿಚ್ಚಲಿಲ್ಲ.
"ಮಾದರಿ ಸಾಕು, ಹೆಸರಿನ ಜಾಗ ಖಾಲಿ ಬಿಡಿ" ಅಂದ. ಬಿಟ್ಟೆ.
"ಚಿಲ್ಲರೆ ಇಟ್ಟುಕೊಳ್ಳಿ" ಅಂದ.
ಇಟ್ಟುಕೊಂಡೆ.

ಅವನಿಗೆ ಫೋನು ಹಚ್ಚಿಸಿ ಸ್ಪೀಕರಿಗೆ ಹಾಕಿಸಿದೆ.
"ಸರ್, ಆರ್ಡರ್ ಆಗಿದ್ದು ಯಾವತ್ತು?"
"ಹದಿನಾಲ್ಕಕ್ಕೆ. ನಾನೇ ನಿಂತು ವಾದ ಮಾಡಿದೆ,
ಜಡ್ಜು ಸಾಹೇಬರು ತಲೆದೂಗಿದರು."
ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ಕೆಂಪಗಿತ್ತು.
ಎರಡನೇ ಶನಿವಾರ.
ಅವತ್ತು ಅಲ್ಲಿ ವಾದ ಮಾಡುವುದು ಪಾರಿವಾಳ ಮಾತ್ರ.
"ಯಾವ ಹಾಲಿನಲ್ಲಿ ಸರ್?"
"ನೀವ್ಯಾರು?"
ಕಟ್ಟಾಯಿತು.

ಹಾಜಿರಾಬಿ ಅಳಲಿಲ್ಲ, ನನ್ನ ಮೇಲೆ ಸಿಟ್ಟಾದರು.
"ವಾರಕ್ಕೊಮ್ಮೆ ಅವರೇ ಫೋನ್ ಮಾಡಿ
ಊಟ ಆಯ್ತಾ ಅಮ್ಮಾ ಅಂತ ಕೇಳ್ತಿದ್ರು.
ನಮ್ಮ ವಕೀಲರು ಫೋನೇ ಎತ್ತಲ್ಲ."
ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.
ಇವತ್ತಿಗೂ ಇಲ್ಲ.

ಕೈಹಿಡಿದು ರಸ್ತೆ ದಾಟಿಸಿ
ವಕೀಲರ ಸಂಘದ ಕೋಣೆಗೆ ಕರೆದೊಯ್ದೆ.
ಎಪ್ಪತ್ತಾರು ವರ್ಷದ ನಿಜವಾದ ರುದ್ರೋಜಿ ರಾಯರು
ಭೂತಗನ್ನಡಿ ಹಿಡಿದು ತಮ್ಮನ್ನೇ ಓದಿಕೊಂಡರು.
"ನಂಬರು ನಂದೇ. ಸಹಿ ಮಾತ್ರ
ನನಗಿಂತ ಚೆನ್ನಾಗಿ ಹಾಕಿದಾನೆ, ಬಡ್ಡೀಮಗ."
ಆಮೇಲೆ ಹಾಜಿರಾಬಿಯ ಕಡೆ ತಿರುಗಿ, ಮೆಲ್ಲಗೆ:
"ಪರಿಹಾರದ ದುಡ್ಡು ಕೋರ್ಟಿಂದ ನಿಮ್ಮ ಖಾತೆಗೆ ಬರುತ್ತೆ ತಾಯಿ,
ನಿಮ್ಮ ಫೋನಿಂದ ಇನ್ಯಾರಿಗೋ ಹೋಗಲ್ಲ."

ಪೊಲೀಸ್ ದೂರು ಟೈಪು ಮಾಡಲು ಕೂತೆ.
ಈ ಮಾದರಿ ಪತ್ರ ತಯಾರಿಸಿದವರು: ಅಲ್ಲಿಗೆ ಬೆರಳು ನಿಂತಿತು.
ಸದರಿ ಬರಲಿಲ್ಲ, ಮೇಲ್ಕಂಡ ಬರಲಿಲ್ಲ.
ಒಂದೊಂದೇ ಅಕ್ಷರ ಹುಡುಕಿ ಒತ್ತಿ
ನನ್ನ ಹೆಸರು ಬರೆದೆ.

ಹಾಜಿರಾಬಿ ಕವರು ಬಿಚ್ಚಿ ಕೇಳಿದರು,
"ಪುಟಕ್ಕೆ ಎಷ್ಟು?"