ಶುರು, ಮುಗಿತು

ಮಂಡಿಪೇಟೆ ಹಿಂದಿನ ಓಣಿ, ತಕ್ಕಡಿ ರಿಪೇರಿ ಅಂಗಡಿ.
ಕೆಳಗೆ ಹಾಲಸ್ವಾಮಿ ಮಾವ
ಇಪ್ಪತ್ತು ಕೆಜಿಯ ಬಟ್ಟು ಒರೆಸುತ್ತಾನೆ.
ಅಟ್ಟದ ಮೇಲೆ ನಾನು
ಮೆಕ್ಕೆಜೋಳ ತೂಗುವ ಯಂತ್ರಕ್ಕೆ
ಸಿ ಭಾಷೆಯಲ್ಲಿ ಬುದ್ಧಿ ಹೇಳುತ್ತೇನೆ.

ಬಡ ಚಿಪ್ಪು, ಎಂಟೇ ಕೆಬಿ.
ತೂಕದ ಲೆಕ್ಕವೊಂದೇ ಎಷ್ಟು ಜಾಗ ತಿನ್ನುತ್ತದೆ
ನೋಡೋಣವೆಂದು
ಅದರ ಹಿಂದೊಂದು ಮುಂದೊಂದು
ಅಸೆಂಬ್ಲಿಯ ಸಾಲು ತುರುಕಿದೆ.
ಶುರು ಎಂಬ ಲೇಬಲ್. ಮುಗಿತು ಎಂಬ ಲೇಬಲ್.
ಬರೀ ಹೆಸರು, ಪಕ್ಕಕ್ಕೆರಡು ಚುಕ್ಕಿ,
ಬೈಟಿನ ಲೆಕ್ಕದಲ್ಲಿ ಸೊನ್ನೆ.
ತಕ್ಕಡಿಯವರ ಮನೆಯಲ್ಲಿ
ತೂಕವಿಲ್ಲದ್ದಕ್ಕೆ ಮರ್ಯಾದೆ ಕಡಿಮೆ.

ಅಸೆಂಬ್ಲರ್ ಮೊದಲೇ ತಕರಾರು ತೆಗೆಯಿತು:
ಶುರು ಆಗಲೇ ಇದೆ, ಈ ಎರಡನೇ ಶುರು ಯಾರದು?
ನಾನು ಬರೆದದ್ದು ಒಂದೇ ಸಲ.
ಕಂಪೈಲರ್ ನನ್ನ ಫಂಕ್ಷನ್ನು ಕರೆದ ಕಡೆಯೆಲ್ಲ
ಅದನ್ನು ಬಿಚ್ಚಿ ಹರಡಿತ್ತು, ಹೆಸರೂ ಸೇರಿ.
ನಮ್ಮ ಕ್ಲಾಸಿನಲ್ಲಿ ಮೂವರು ಕೊಟ್ರೇಶರು;
ಹಾಜರಿಗೆ ಮೇಷ್ಟ್ರು ನಂಬರು ಹಚ್ಚಿದ ಹಾಗೆ
ಬಾಲಕ್ಕೊಂದು ಶೇಕಡಾ ಗುರುತು, ಒಂದು ಸಮ ಗುರುತು ಹಚ್ಚಿದೆ.
ಸುಮ್ಮನಾಯಿತು.

ಆಮೇಲೆ ವಿಳಾಸದಿಂದ ವಿಳಾಸ ಕಳೆದರೆ
ಶುರುವಿನಿಂದ ಮುಗಿತುವಿಗೆ
ಸೊನ್ನೆ.
ಗುಣಾಕಾರ, ಭಾಗಾಕಾರ ಎಲ್ಲ ಗಂಟು ಕಟ್ಟಿಕೊಂಡು
ಮುಗಿತುವಿನ ಆಚೆ ಹೋಗಿ ಕೂತಿವೆ.
ವೊಲಟೈಲ್ ಎಂದು ಬರೆದಿದ್ದೆನಲ್ಲ?
ಹೌದು. ಹೆಸರು ಅಳಿಸಬೇಡ ಎಂದಷ್ಟೇ ಅದರರ್ಥ.
ಸುತ್ತಲಿನವರು ಕದಲಬಾರದೆಂದು
ಯಾರೂ ಹೇಳಿಲ್ಲ.

ಮಧ್ಯಾಹ್ನ ಎಪಿಎಂಸಿಗೆ ಹೋದರೆ
ಹಮಾಲಿ ದುರುಗಪ್ಪ ಬೀಡಿ ಹಚ್ಚಿ ನಿಂತಿದ್ದ.
ಲಾಟಿನ ಗುರುತೆಂದು ನೆಲಕ್ಕೆಳೆದ ಸುಣ್ಣದ ಗೆರೆ ಹಾಗೇ ಇದೆ,
ಚೀಲಗಳು ಮಾತ್ರ ಆಚೆ ನೆರಳಲ್ಲಿ.
"ಗೆರೆ ಅಳಿಸಿಲ್ಲಲ್ರೀ," ಎಂದ,
"ಎತ್ತಾಕೆ ಅನುಕೂಲ ಆಗೋ ಕಡೆ ಇಟ್ಟೀನಿ."
ಮೊತ್ತ ಸರಿಯಿತ್ತು, ಲಾರಿ ಬೇಗ ತುಂಬಿತು.
ಸಿಟ್ಟಾಗಲು ಕಾರಣ ಹುಡುಕಿದೆ, ಸಿಗಲಿಲ್ಲ.
ಅವನ ಕಿವಿಯ ಸಂದಿಯಲ್ಲಿ ದಬ್ಬಣ,
ಹೆಗಲ ಮೇಲೆ ಸುತಳಿ.

ರಾತ್ರಿ ಬಂದು
ಎರಡೂ ಲೇಬಲ್ಲಿನ ಬಾಯಿಗೆ ತೂಕದ ಅಂಕಿಯನ್ನೇ ಕಟ್ಟಿದೆ.
ಇಲ್ಲಿ ಇದನ್ನು ಮುಟ್ಟಿದ್ದೇನೆ, ಬದಲಿರಬಹುದು
ಎಂದು ಕಂಪೈಲರಿಗೆ ಹೇಳಿದೆ.
ಸುಳ್ಳು. ನಾನೇನೂ ಮುಟ್ಟಿಲ್ಲ.
ತಕ್ಕಡಿ ಅಂಗಡಿಯಲ್ಲಿ ಇದು ಮೊದಲ ಸುಳ್ಳೇನಲ್ಲ.
ನಂಬಿತು. ಲೆಕ್ಕವೆಲ್ಲ ವಾಪಸು ಬಂದು
ಎರಡು ಹೆಸರಿನ ನಡುವೆ ಕೂತಿತು.

ಕಟ್ಟುವ ಮೊದಲು ನಿಜಕ್ಕೂ ಎಷ್ಟಿತ್ತೋ,
ಅದನ್ನು ತೂಗುವ ಬಟ್ಟು ನನ್ನಲ್ಲಿಲ್ಲ.

"ಎಷ್ಟು ಬಂತು?" ಕೆಳಗಿಂದ ಮಾವ.
ಮೂವತ್ತಾರು ಎಂದೆ.
ಶಟರ್ ಎಳೆಯುತ್ತಿದ್ದವನು ನಿಲ್ಲಿಸಿ ಕೇಳಿದ:
"ಏನು, ಕೆಜೀನಾ?"