ವರ್ಣತಂತು

ನೋವೇ ಇರಲಿಲ್ಲವಂತೆ.
ಒಂದು ಬೆಳಗ್ಗೆ, ಬಚ್ಚಲಲ್ಲಿ,
ಹೊಸ ಇಳಕಲ್ ಸೀರೆಯ ಮೊದಲ ತೊಳೆತದ ನೀರಿನ ಹಾಗೆ
ಕೆಂಪು.
ದಾವಣಗೆರೆಯ ಮಿಲ್ಲಿನ ಬಣ್ಣದ ಖಾತೆಯಲ್ಲಿ
ಮೂವತ್ತೊಂದು ವರ್ಷ ನಿಂತವರು, ನೀಲಗಾರ ಹಾಲೇಶಪ್ಪ,
ಹೆದರುವ ಮೊದಲು ಛಾಯೆ ಗುರುತಿಸಿದರಂತೆ:
"ಮಂಜಿಷ್ಠ ಅಲ್ಲವ್ವಾ, ಅದಕ್ಕಿಂತ ಒಂದು ಮುಳುಗು ತಿಳಿ."
ಮರುದಿನ ನೀರು ನೀರಾಯಿತು.
ಮೂರು ತಿಂಗಳು ಸುಮ್ಮನಿದ್ದರು.
ಒಂದು ಸಲ ಬಣ್ಣ ಬಿಟ್ಟು ಆಮೇಲೆ ನಿಂತ ಬಟ್ಟೆ
ಅವರು ಎಷ್ಟು ಕಂಡಿಲ್ಲ.

ನಾನು ಸ್ಲೈಡು ಮಾಡುವವಳು.
ಆಸ್ಪತ್ರೆಯ ನೆಲಮಾಳಿಗೆ. ಕಿಂಡಿಯಾಚೆ ಜನರೇಟರು,
ಗಾಳಿ ತಿರುಗಿದ ದಿನ ಮಂಡಕ್ಕಿ ಭಟ್ಟಿಗಳ ಹೊಗೆ.
ಫಾರ್ಮಲಿನ್ ಸೀಸೆಯಲ್ಲಿ ಬಂದದ್ದು
ಎಳ್ಳಿನಷ್ಟೆಳ್ಳಿನಷ್ಟು ಐದಾರು ಚೂರು.
ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಕೊಯ್ದು,
ಬಿಸಿನೀರ ಮೇಲೆ ತೇಲಿಸಿ, ಗಾಜಿಗೆ ಹತ್ತಿಸಿ
ಅದ್ದುತ್ತೇನೆ: ನೀಲಿಗೆ,
ತೊಳೆದು, ಗುಲಾಬಿಗೆ.
ಹಿಂಡುವ ಹಾಗಿಲ್ಲ, ಅಷ್ಟೇ ವ್ಯತ್ಯಾಸ.
ಹೇಳಿದೆ. ನಕ್ಕರು.
"ಹಂಗಾರೆ ಜಬೀನಮ್ಮ, ನೀನೂ ನಮ್ಮಾಕೀನೇ."

ರಿಪೋರ್ಟಿಗೆ ಬಂದವರು ಕೇಳಿದ್ದು
ರೋಗದ ಹೆಸರಲ್ಲ.
"ಅಸ್ತರಿಗೆ ಇಳಿದೈತೇನು?"
ಡಾಕ್ಟರು ಕಣ್ಣು ಕೀಲಿಸಿ ಹುಡುಕುವುದೂ ಅದನ್ನೇ:
ಮೂತ್ರಚೀಲದ ಮೇಲ್ಪದರಕ್ಕೇ ನಿಂತಿತೋ,
ಕೆಳಗಿನ ಎಳೆಗೆ ಸೋರಿತೋ,
ಸ್ನಾಯುವಿಗೆ ಮುಟ್ಟಿತೋ.
ಮುಟ್ಟಿಲ್ಲ ಅಂದೆ.
'ಇನ್ನೂ' ಎಂಬುದನ್ನು ನುಂಗಿಕೊಂಡೆ.

ಒಂದು ಚೂರು ಮಣಿಪಾಲಕ್ಕೆ ಹೋಗಿತ್ತು, ಜೀನು ಓದಿಸಲು.
ಇಪ್ಪತ್ತೆರಡನೆಯ ದಿನ ಕಾಗದ ಬಂತು.
ಒಂಬತ್ತನೆಯ ವರ್ಣತಂತುವಿನಲ್ಲಿ ಒಂದು ತುಂಡು ಇಲ್ಲ.
ಎಸ್ಸೆಸ್ಸೆಲ್ಸಿಗೆ ಉರು ಹೊಡೆದ ಪದ,
ಎರಡು ಅಂಕದ ಪ್ರಶ್ನೆ, ಇಷ್ಟು ವರ್ಷ ನನಗೆ ಅಷ್ಟೇ.
ಅವರು ನಾಲಿಗೆಯ ಮೇಲೆ ಹೊರಳಿಸಿದರು,
ವರ್ಣ. ತಂತು.
"ಬಣ್ಣದ ನೂಲು ಅಲ್ಲೇನವ್ವಾ?
ನಮ್ಮೋರೇ ಯಾರೋ ಹೆಸರಿಟ್ಟಿರಬೇಕು."
ಹೌದಜ್ಜಾ, ಬಣ್ಣ ಹಿಡಿದ ಮೇಲೇ
ಅದು ಮನುಷ್ಯರ ಕಣ್ಣಿಗೆ ಬಿದ್ದದ್ದು.

ಆಮೇಲಿನ ಸಾಲು ಓದಿ ಹೇಳಿದೆ:
ಬೆಳೆ ಎನ್ನುವ ಒಂದಕ್ಷರ ತಿರುಚಿದೆ,
ಯಾರೂ ಒತ್ತದೆ ಒತ್ತಿಕೊಂಡೇ ಇರುವ ಸ್ವಿಚ್ಚು.
ಗರಿಕೆಯ ಜಾತಿ. ಕಿತ್ತಲ್ಲಿ ಮತ್ತೆ ಬರುತ್ತದೆ,
ಆಳಕ್ಕೆ ಬೇರು ಬಿಡುವುದು ಕಡಿಮೆ.
ಕಾವಲಿನದೊಂದು ಇದೆ, ಹದಿನೇಳನೆಯದರಲ್ಲಿ,
ಅಶೋಕ ಟಾಕೀಸ್ ಗೇಟಿನವನ ಹಾಗೆ.
ಸದ್ಯ ಎಚ್ಚರವಾಗಿದ್ದಾನೆ.
ಅವನು ತೂಕಡಿಸಿದರೆ?
ಕೇಳಲಿಲ್ಲ ಅವರು. ರೈಲು ಕಂಡ ಊರಿನವರು.

ಮೊಣಕೈವರೆಗೂ ಬಣ್ಣವಿತ್ತಂತೆ ಆಗ.
ಧಾರೆ ಎರೆದ ನೀರೂ ನೀಲಿಯಾಗಿ
ಹೆಂಡತಿಯ ಕಡೆಯವರು ಮುಖ ಮುಖ ನೋಡಿಕೊಂಡರಂತೆ.
ಕೈಚೀಲ ಕೊಡಲಿಲ್ಲ ಕಂಪನಿ. ಬೀಡಿ ದಿನಕ್ಕೊಂದು ಕಟ್ಟು.
ಮೊದಲ ಎಳೆ ಹರಿದದ್ದು ತೊಟ್ಟಿಯ ಹಬೆಗೋ, ಹೊಗೆಗೋ,
ಸುಮ್ಮನೆ ವಯಸ್ಸಿಗೋ,
ಕಾಗದ ಹೇಳುವುದಿಲ್ಲ.
ಮಿಲ್ಲು ಇದ್ದಲ್ಲಿ ಈಗ ಸೈಟುಗಳು,
ಕೇಳಲು ಗೇಟೂ ಇಲ್ಲ.

ಮೂರು ತಿಂಗಳಿಗೊಮ್ಮೆ ಬರುತ್ತಾರೆ,
ದೀಪದ ನಳಿಕೆ ಒಳಗೆ ಇಳಿಸಿಕೊಂಡು, ಹಲ್ಲು ಕಚ್ಚಿಕೊಂಡು.
ಎರಡನೆಯ ಸಲ ಒಂದು ಚಿಗುರಿತ್ತು. ಸುಟ್ಟರು.
ಮೂರನೆಯ ಸಲ "ನನ್ನ ನೂಲು ನಾನು ನೋಡಬಾರದೇನು" ಅಂದರು.
ಡಾಕ್ಟರು ಊಟಕ್ಕೆ ಹೋಗಿದ್ದರು, ಕೂರಿಸಿದೆ.
ಕನ್ನಡಕ ತೆಗೆದರು, ಹಾಕಿದರು, ತೆಗೆದರು.
ಬಹಳ ಹೊತ್ತು ಮಾತಿಲ್ಲ.
ಅಳುತ್ತಾರೇನೋ ಅಂದುಕೊಂಡೆ.

"ನೀಲಿ ಚಲೋ ಹತ್ತೈತೆ.
ಗುಲಾಬಿ ಒಂದು ಮುಳುಗು ಜಾಸ್ತಿ ಆತು."

ಸಂಜೆ ಹೋಲಿಸಿ ನೋಡಿದೆ.
ಜಾಸ್ತಿಯೇ ಆಗಿತ್ತು.